ಹೊಂಬಾಳನ ಹುಳುಕು ಹಲ್ಲು

ಕತೆ ಹೇಳ್ತೀನಿ. ಹೂಂ ಅನ್ನೋರು ಒಬ್ಬರಾದ್ರೂ ಇರ್ಬೇಕು. ಇಲ್ದಿದ್ರೆ ಕತೆ ನನ್ನ ಬಾಯಲ್ಲೇ ಉಳಿದು ಹುಳಿಯಾಗ್ತದೆ. ಹೂಂ ಅಂದ್ರಾ? ಸರಿ.

ಒಂದು ನಾಲೆ. ನಾಲೆ ಪಕ್ಕ ಕಬ್ಬು. ಕಬ್ಬಿನ ಪಕ್ಕ ಆಲೆಮನೆ. ಆಲೆಮನೆ ಪಕ್ಕ ಒಂದು ಹಂಚಿನ ಮನೆ. ಆ ಮನೇಲಿ ನಿಂಗಾಜಮ್ಮ, ಅವಳ ಮಗ ಹೊಂಬಾಳ. ನಿಂಗಾಜಮ್ಮನ ಬಾಯಲ್ಲಿ ಹಲ್ಲಿಲ್ಲ. ಹೊಂಬಾಳನ ತಲೇಲಿ ಬುದ್ಧಿ ಇಲ್ಲ.

ಮೂವತ್ತು ವರ್ಷದ ಆಳು. ಎರಡು ಆಳಿನ ಕೆಲಸ ಒಬ್ಬನೇ ಮಾಡೋನು. ಸುಳ್ಳು ಗೊತ್ತಿಲ್ಲ, ಕೇಡು ಗೊತ್ತಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಫಜೀತಿ ಇದ್ದದ್ದೇ ಅಲ್ಲಿ! "ವಸಿ ಬಾಗ್ಲು ನೋಡ್ಕಳ್ಲಾ" ಅಂತ ಅವ್ವ ಸಂತೆಗೆ ಹೋದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ನಾಯಿ ಒಳಗೆ ಹೋಗಿ, ಮುದ್ದೆ ಕಚ್ಕೊಂಡು, ಅವನ ತೊಡೆ ದಾಟಿ ಓಡಿದ್ರೂ ಬಾಗಿಲ ಮೇಲಿಂದ ಕಣ್ಣು ತೆಗೀತಿರ್ಲಿಲ್ಲ.

ಕೆಲಸ ಆಲೆಮನೇಲಿ. ಕೊಪ್ಪರಿಗೆ ಮುಂದೆ ನಿಂತು ಕಬ್ಬಿನಹಾಲು ತಿರುವೋದು. ತಿರುವ್ತಾ ತಿರುವ್ತಾ ಬೆಲ್ಲದ ನೊರೆ ನೆಕ್ಕೋದು. ಬೆಳಿಗ್ಗೆ ನೆಕ್ಕು, ಮಧ್ಯಾಹ್ನ ನೆಕ್ಕು, ಸಂಜೆ ನೆಕ್ಕು. ಹಲ್ಲೆಲ್ಲಾ ಕಪ್ಪು ಕಪ್ಪು, ತೂತು ತೂತು.

ಆಲೆಮನೆ ಬೆಟ್ಟಸ್ವಾಮಿಗೌಡನದು. ಗೌಡನ ಊರು ನಾಲೆ ಆಚೆ ದಡ. ದಿನಾ ಮಧ್ಯಾಹ್ನ ಅವನ ಮಗಳು ದೇವಾಜಿ ಬುತ್ತಿ ತರೋಳು. ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡೇ ಬರೋಳು, ಹಿಡ್ಕೊಂಡೇ ಹೋಗೋಳು. "ಗೌಡನ ಮಗಳಿಗೆ ಎಷ್ಟು ಜಂಬ!" ಅನ್ನೋರು ಜನ. ಹೊಂಬಾಳ ಏನೂ ಅಂತಿರ್ಲಿಲ್ಲ. ಅವಳು ಹೋದ ದಾರಿ ನೋಡ್ತಾ ನಿಲ್ಲೋನು, ತಿರುವೋದು ಮರೆಯೋನು, ಬೆಲ್ಲ ತಳ ಹಿಡಿಯೋದು.

ಒಂದಿನ ಅವ್ವನಿಗೆ ಹೇಳ್ದ. "ಅವ್ವಾ, ಮಧ್ಯಾಹ್ನ ಆದ್ರೆ ಎದೇಲಿ ಕೊಪ್ಪರಿಗೆ ಉಕ್ಕಿದಂಗಾಯ್ತದೆ ಕನವ್ವ."

"ಹಸಿವು ಕನ್ಲಾ, ಉಣ್ಣು."

ಉಂಡ. ಹೋಗ್ಲಿಲ್ಲ. ಇನ್ನೊಂದು ಮುದ್ದೆ ಉಂಡ. ಹೋಗ್ಲಿಲ್ಲ. ಮೂರನೇದೂ ಉಂಡು ಹೊಟ್ಟೆ ಹಿಡ್ಕೊಂಡು ಹೇಳ್ದ, "ಹೊಟ್ಟೆ ತುಂಬ್ತು ಅವ್ವಾ. ಇದು ಬ್ಯಾರೆ."

ನಿಂಗಾಜಮ್ಮನಿಗೆ ಅರ್ಥವಾಯ್ತು. ಅವಳಿಗೂ ಒಂದು ಆಸೆ. ಒಬ್ಬ ಸೊಸೆ ಬರ್ಬೇಕು, 'ಅತ್ತೆ' ಅನ್ನೋ ಮಾತು ಈ ಮನೇಲಿ ಕೇಳ್ಬೇಕು. ಮೂರು ಮನೇಲಿ ಹೆಣ್ಣು ಕೇಳಿದ್ಲು. ಮೂರು ಮನೆಯೋರೂ, "ಗಂಡು ಬಾಯಿ ತೆಗೆದ್ರೆ ಹುಳುಕು, ಮಾತು ತೆಗೆದ್ರೆ ಪೆದ್ದು" ಅಂತ ಕಳಿಸಿದ್ರು. ಅದನ್ನ ನೆನೆಸ್ಕೊಂಡು ಬೈದ್ಲು.

"ಬಾಯಿ ನೋಡ್ಕಳ್ಲಾ! ಹಲ್ಲೆಲ್ಲಾ ಹುಳ ಬಿದ್ದವೆ! ಯಾವ ಹೆಣ್ಣು ಬಂದಾಳು!"

ಹುಳ ಬಿದ್ದವೆ? ಹೊಂಬಾಳ ಯೋಚ್ನೆ ಮಾಡ್ದ. ಹುಳ ತಿನ್ನೋದು ಯಾರು? ಕೋಳಿ! ಹಿತ್ತಲಿಗೆ ಹೋದ. ನೆಲದ ಮೇಲೆ ಮಲಗ್ದ. ಬಾಯಿ ಅಗಲ ತೆಗೆದ. "ಬಾ ಬಾ ಬಾ" ಅಂದ. ಕೋಳಿ ಬಂತು. ಅತ್ಲಾಗೆ ನೋಡ್ತು, ಇತ್ಲಾಗೆ ನೋಡ್ತು. ಹಲ್ಲು ಬಿಟ್ಟು ನಾಲಗೆಗೆ ಕುಕ್ಕೇಬಿಡ್ತು!

"ಅಯ್ಯಯ್ಯಪ್ಪೋ!"

ನಿಂಗಾಜಮ್ಮ ಓಡಿ ಬಂದು ತಲೆ ಚಚ್ಕೊಂಡ್ಲು. "ಹುಳ ಅಂದ್ರೆ ಹುಳ ಅಲ್ಲ ಕನ್ಲಾ ನನ್ ಮಂಕೇ! ನಾಳೆ ಹೋಬಳಿ ಇಸ್ಕೂಲಿಗೆ ಹಲ್ಲಿನ ಡಾಕ್ಟ್ರಮ್ಮ ಬತ್ತಾರಂತೆ. ನಾಚ್ಕಂಡು ಬಾಯ್ ಮುಚ್ಕಂಡು ಕೂತೀಯೆ, ಹುಷಾರು! ಬಾಯ್ ಬುಟ್ಕಂಡು ಹೋಗು!"

"ಆಗ್ಲಿ ಅವ್ವಾ."

ಮಾರನೇ ದಿನ ಹೊಸಿಲಲ್ಲೇ ಬಾಯಿ ಬಿಟ್ಟ. ಬಿಟ್ಟ ಬಾಯಿ ಬಿಟ್ಟಂಗೇ ನಾಲೆ ಏರಿ ಮೇಲೆ ಮೂರು ಮೈಲಿ ನಡೆದ. ಎದುರಿಗೆ ಬಂದೋರು "ಎಲ್ಲಿಗ್ಲಾ?" ಅಂದ್ರೆ "ಆ" ಅಂದ. "ಏನಾಯ್ತ್ಲಾ?" ಅಂದ್ರೆ "ಆ" ಅಂದ.

ಮುಂದೆ ಒಬ್ಬಳು ಹೋಗ್ತಿದ್ಲು. ದೇವಾಜಿ! ಒಬ್ಬಳೇ, ಸೆರಗು ಬಾಯಿಗೆ. ತಿರುಗಿ ನೋಡಿದ್ಲು.

"ಯಾಕೆ ಹಂಗೆ ಬಾಯ್ ಬುಟ್ಕಂಡು ಬತ್ತಿದ್ದೀರಾ?"

"ಆ... ಆ..."

ಹತ್ರ ಬಂದು ಒಳಗೆ ಇಣುಕಿದ್ಲು. "ಅಯ್ಯೋ! ನಿಮ್ಗೂವೆ?"

ಅಂದವಳೇ ಸೆರಗು ಇಳಿಸಿದ್ಲು. ಮುಂದಿನ ಹಲ್ಲು ಎರಡು ತಿಂದು ಹೋಗಿ ಕಂದು ಮೋಟು ಉಳಿದಿತ್ತು.

"ನಂಗೂವೆ. ನಮ್ದೇ ಆಲೆಮನೆ, ಹುಟ್ಟಿದಾಗ್ಲಿಂದ ಬೆಲ್ಲ. ಎರಡು ಕಡೆಯೋರು ನೋಡೋಕೆ ಬಂದ್ರು. 'ನಗವ್ವ' ಅಂದ್ರು. ನಕ್ಕೆ. ಮತ್ತೆ ಬರ್ಲಿಲ್ಲ. ಆವತ್ತಿಂದ ನಕ್ಕಿಲ್ಲ ನಾನು."

ಹೊಂಬಾಳನಿಗೆ ಏನೇನೋ ಹೇಳೋಕಿತ್ತು. ನೀವು ಬುತ್ತಿ ತರೋ ಹೊತ್ತಿಗೆ ನಂಗೆ ಹಿಂಗಾಯ್ತದೆ ಅನ್ನೋಕಿತ್ತು. ನೀವು ಹೋದ್ಮೇಲೆ ಹಂಗಾಯ್ತದೆ ಅನ್ನೋಕಿತ್ತು. ಬಾಯಿ ಮುಚ್ಚದೆ ಮಾತು ಹೆಂಗೆ ಬಂದೀತು? ಮುಚ್ಚಿದ್ರೆ ಅವ್ವನ ಮಾತು ಹೋಯ್ತು.

"ಆ..." ಅಂದ. ಒಂದು ನೊಣ ಒಳಗೆ ಹೋಯ್ತು. ಅದನ್ನೂ ನುಂಗ್ದ.

ಇಸ್ಕೂಲಲ್ಲಿ ಡಾಕ್ಟ್ರಮ್ಮ ಮುಬೀನಾ ಅವನ ಬಾಯಿ ನೋಡಿ, "ಭೇಷ್! ಹೇಳೋಕೆ ಮುಂಚೆ ತೆಗೆದುಬಿಟ್ಟಿದ್ದೀಯಲ್ಲ!" ಅಂದ್ರು. ಆಮೇಲೆ ಇಬ್ರನ್ನೂ ಕೂರಿಸಿ, ಒಬ್ಬೊಬ್ಬರ ಕೈಗೂ ಒಂದು ಬ್ರಷ್ಷು, ಒಂದು ಪೇಸ್ಟು ಕೊಟ್ಟು ಹೇಳಿದ್ರು.

"ನೋಡಿ, ಹಲ್ಲಲ್ಲಿ ಹುಳ ಗಿಳ ಏನೂ ಇಲ್ಲ. ಬೆಲ್ಲ ಹಲ್ಲಿಗೆ ಅಂಟುತ್ತೆ. ಬಾಯಲ್ಲಿ ಕಣ್ಣಿಗೆ ಕಾಣದ ಕ್ರಿಮಿಗಳಿವೆ, ಅವು ಆ ಬೆಲ್ಲ ತಿಂದು ಹುಳಿ ಮಾಡ್ತವೆ. ಆ ಹುಳಿ ಹಲ್ಲಿನ ಸಾರ ಕರಗಿಸುತ್ತೆ. ಈ ಪೇಸ್ಟಲ್ಲಿ ಫ್ಲೋರೈಡ್ ಅಂತ ಇದೆ. ಕರಗಿದ ಸಾರ ವಾಪಸ್ ಬಂದು ಹಲ್ಲಲ್ಲಿ ಕೂರೋಕೆ ಅದು ಸಹಾಯ ಮಾಡುತ್ತೆ. ಹಲ್ಲು ಹುಳಿಗೆ ಸುಲಭಕ್ಕೆ ಜಗ್ಗೋದಿಲ್ಲ."

"ತೂತು ಮುಚ್ತದಾ ಅದು?" ಕೇಳಿದ್ಲು ದೇವಾಜಿ.

"ಇಲ್ಲಮ್ಮ. ಬಿದ್ದ ತೂತು ನಾನೇ ಮುಚ್ಚಬೇಕು. ಹೊಸ ತೂತು ಬೀಳದ ಹಾಗೆ ಕಾಯೋದು ಅದರ ಕೆಲಸ. ಕಡಲೆಕಾಳಷ್ಟು ಪೇಸ್ಟ್ ಸಾಕು, ದಿನಕ್ಕೆ ಎರಡು ಸಲ. ಉಜ್ಜಿ, ಉಗಿ. ನುಂಗಬೇಡಿ. ಉಗಿದ ಮೇಲೆ ನೀರು ಹಾಕಿ ಮುಕ್ಕಳಿಸಬೇಡಿ, ಫ್ಲೋರೈಡ್ ಅಲ್ಲೇ ಇರ್ಲಿ. ಒಂದು ದಿನವೂ ತಪ್ಪಿಸಬೇಡಿ. ಬೆಲ್ಲ ಊಟದ ಜೊತೆಗೆ ಮಾತ್ರ."

ಹೊಂಬಾಳನ ತೂತೆಲ್ಲಾ ಅಲ್ಲೇ ಮುಚ್ಚಿದ್ರು. ದೇವಾಜಿಯ ಮುಂದಿನ ಹಲ್ಲಿಗೆ ಪಟ್ಟಣಕ್ಕೇ ಬರೋಕೆ ಹೇಳಿದ್ರು. ಹೊಂಬಾಳ ದಾರಿಯುದ್ದಕ್ಕೂ ಪಾಠ ಒಪ್ಪಿಸ್ಕೊಂಡು ಬಂದ. ಕಡ್ಲೆಕಾಳಷ್ಟು! ಉಜ್ಜು, ಉಗಿ! ಕಡ್ಲೆಕಾಳಷ್ಟು! ಉಜ್ಜು, ಉಗಿ!

ಮನೆಗೆ ಬಂದ್ರೆ ಅವ್ವನಿಗೆ ಚಳಿಜ್ವರ. ಕಂಬಳಿ ಒಳಗಿಂದಲೇ ಅಂದ್ಲು, "ಎಸರು ಮಡಗಿವ್ನಿ. ಮುದ್ದೆ ನೀನೇ ಕಟ್ಲಾ."

ಕಟ್ಟಿದ. ಎಷ್ಟು ಹೊತ್ತಾದ್ರೂ ಕಟ್ತಾನೇ ಇದ್ದ. ನಿಂಗಾಜಮ್ಮ ಎದ್ದು ಬಂದು ನೋಡಿದ್ರೆ ಮೊರದ ತುಂಬ ಮುದ್ದೆ. ಒಂದೊಂದೂ ಕಡ್ಲೆಕಾಳಷ್ಟು!

"ಇದೇನ್ಲಾ, ಮೊಲದ ಹಿಕ್ಕೆ ಇದ್ದಂಗೆ!"

"ಡಾಕ್ಟ್ರಮ್ಮ ಅಂದವ್ರೆ ಅವ್ವಾ. ಕಡ್ಲೆಕಾಳಷ್ಟು ಸಾಕಂತೆ."

"ಅಯ್ಯೋ ನನ್ ಹಣೇಬರವೇ! ಬಾಯಿಗೆ ಹಾಕೋದು ಕೈ ತುಂಬ ಇರ್ಬೇಕು ಕನ್ಲಾ, ಕೈ ತುಂಬ!"

"ಆಗ್ಲಿ ಅವ್ವಾ."

ಮಾರನೇ ಬೆಳಿಗ್ಗೆ ಬಾಯಿಗೆ ಹಾಕೋದು ಮುದ್ದೆಯಲ್ಲ, ಪೇಸ್ಟು. ಕೈ ತುಂಬ ಹಿಂಡ್ದ. ಬಾಯಿಗೆ ತುಂಬಿ ಉಜ್ಜಿದ. ನೊರೆ ಮೂಗಿಗೆ ಬಂತು, ಗಲ್ಲಕ್ಕೆ ಬಂತು, ಎದೆ ಮೇಲೆ ಇಳೀತು. "ಅವ್ವಾ, ನಾನೇ ಉಕ್ತಾ ಇವ್ನಿ!" ಅನ್ನೋಕೆ ಹೋದ, ಗುಳುಗುಳು ಅಂತು.

"ನುಂಗ್ಬ್ಯಾಡ್ಲಾ! ಉಗಿ! ಉಗಿ! ಕೈ ತುಂಬ ಅಂದದ್ದು ಮುದ್ದೆಗೆ, ಪೇಸ್ಟಿಗೆ ಕಡ್ಲೆಕಾಳಷ್ಟೇ ಕನ್ಲಾ! ಉಜ್ಜೋದು ಅಂದ್ರೆ ಉಗಿಯೋದು! ತಿಳ್ಕೋ! ಉಜ್ಜಿದ್ಯೋ, ಉಗಿದ್ಯೋ, ಮುಗೀತು!"

"ಆಗ್ಲಿ ಅವ್ವಾ."

ಆಲೆಮನೆಗೆ ಹೋದ. ಗೌಡ ಅಂದ, "ಬಾರ್ಲಾ ಹೊಂಬಾಳ. ಮೈಸೂರಿಂದ ನೆಂಟರು ಬತ್ತಾವ್ರೆ, ಆಲೆಮನೆ ನೋಡೋಕೆ. ಕೊಪ್ಪರಿಗೆ ಚೆನ್ನಾಗಿ ಉಜ್ಜಿಬುಡು!"

ಉಜ್ಜಿದ. ಹುಣಸೆಹಣ್ಣು ಹಾಕಿ ಉಜ್ಜಿದ. ಬೂದಿ ಹಾಕಿ ಉಜ್ಜಿದ. ಚಿನ್ನದಂಗೆ ಹೊಳೀತು ಕೊಪ್ಪರಿಗೆ. ನೆಂಟರು ಬಂದು ಸುತ್ತ ನಿಂತು "ಆಹಾ!" ಅಂದ್ರು. ಹೊಂಬಾಳ ಎದ್ದು ನಿಂತ, ಗಂಟಲು ಸರಿ ಮಾಡ್ಕೊಂಡ, ಕೊಪ್ಪರಿಗೆ ಮಧ್ಯಕ್ಕೆ ಗುರಿಯಿಟ್ಟು ತೂ! ಅಂತ ಉಗಿದ.

ನೆಂಟರು ಮೂಗು ಮುಚ್ಕೊಂಡು ಓಡಿದ್ರು. ಗೌಡ ಕಬ್ಬಿನ ಜಲ್ಲೆ ಹಿಡ್ಕೊಂಡು ಓಡಿಸ್ಕೊಂಡು ಬಂದ. "ಲೇ ಮುಠ್ಠಾಳ! ಉಜ್ಜಿದ್ಮೇಲೆ ಉಗೀತಾರೇನ್ಲಾ? ನೀರು ಹಾಕ್ಬೇಕು ಕನ್ಲಾ! ಬಿಂದಿಗೆ ಬಿಂದಿಗೆ ನೀರು! ಹೋಗು, ಇನ್ಮೇಲೆ ನನ್ ಆಲೆಮನೆ ಕಡೆ ತಲೆ ಹಾಕ್ಬ್ಯಾಡ!"

ಹೊಂಬಾಳ ಮನೇಲಿ ಕೂತ. ಒಂದು ದಿನ ಕೂತ, ಎರಡು ದಿನ ಕೂತ. ಮಧ್ಯಾಹ್ನ ಬರೋದು, ಎದೇಲಿ ಕೊಪ್ಪರಿಗೆ ಉಕ್ಕೋದು. ಬುತ್ತಿ ಬಂತೋ ಇಲ್ವೋ? ಸೆರಗು ಬಾಯಿಗಿತ್ತೋ ಇಲ್ವೋ? ಉಣ್ಣೋಕೂ ಆಗ್ದು, ತಿನ್ನೋಕೂ ಆಗ್ದು. ಮೂರನೇ ದಿನ ಗೌಡನ ಮಾತು ನೆನಪು ಮಾಡ್ಕೊಂಡ. ತಲೆ ಹಾಕ್ಬ್ಯಾಡ ಅಂದವ್ನೆ. ಕಾಲು?

ಆಲೆಮನೆ ಹಿಂದಕ್ಕೆ ಹೋದ. ಸೋಗೆಯ ಗೋಡೆ ಕೆಳಗೆ ಒಂದು ಕಿಂಡಿ. ನೆಲದ ಮೇಲೆ ಅಂಗಾತ ಮಲಗ್ದ. ಕಾಲೆರಡೂ ಆಲೆಮನೆ ಒಳಗೆ ತೂರಿಸ್ದ. ತಲೆ ಹೊರಗೇ, ಬಿಸಿಲಲ್ಲೇ.

ದೇವಾಜಿ ಬುತ್ತಿ ತಂದ್ಲು. ಮೂಲೇಲಿ ಎರಡು ಪಾದ! ಆ ಪಾದ ಗುರುತಿತ್ತು ಅವಳಿಗೆ. ಅಪ್ಪ ಅತ್ತ ಹೋದ ಹೊತ್ತು ನೋಡಿ ಹತ್ರ ಕೂತ್ಲು.

"ಚೆನ್ನಾಗಿದ್ದೀರಾ?" ಅಂತ ಪಾದಗಳನ್ನ ಕೇಳಿದ್ಲು.

ಹೆಬ್ಬೆರಳು ಎರಡೂ ಅಲ್ಲಾಡಿದ್ವು.

"ದಿನಾ ಉಜ್ಜುತಿದ್ದೀರಾ?"

ಹತ್ತು ಬೆರಳೂ ಅಲ್ಲಾಡಿದ್ವು.

ಹಿಂಗೇ ಮೂರು ತಿಂಗಳು. ಇವನು ಹೊರಗೆ ಆಕಾಶ ನೋಡೋನು, ಅವಳು ಒಳಗೆ ಕಾಲು ನೋಡೋಳು. ಪಟ್ಟಣಕ್ಕೆ ಹೋಗಿದ್ದು ಹೇಳೋಳು. ಮುಂದಿನ ಹಲ್ಲು ಕಟ್ಟಿಸಿದ್ದು ಹೇಳೋಳು. "ನೀವು ನೋಡ್ಬೇಕಿತ್ತು" ಅನ್ನೋಳು. ನೋಡೋದು ಹೆಂಗೆ? ತಲೆ ಹಾಕೋ ಹಂಗಿಲ್ಲ! ಹೊಂಬಾಳ ಆಕಾಶದಲ್ಲೇ ಆ ಹಲ್ಲು ನೋಡೋಕೆ ನೋಡೋನು. ಬೆಳ್ಳಗಿನ ಮೋಡ ಬಂದ್ರೆ ಇದೇ ಇರ್ಬೇಕು ಅನ್ನೋನು.

ಕೊನೆಗೊಂದಿನ ಪಾದದ ಮೇಲೆ ಕೈಯಿಟ್ಟು ಮೆತ್ತಗೆ ಅಂದ್ಲು, "ಬೇರೆ ಗಂಡು ಬಂದವ್ರೆ. ಅಪ್ಪ ಒಪ್ಪೋ ಹಂಗವ್ನೆ. ಬರೋ ಸೋಮವಾರದ ಹೊತ್ತಿಗೆ ನಿಮ್ಮವ್ವನ್ನ ಕರ್ಕಂಡು ಬನ್ನಿ. ಅಪ್ಪನ್ನ ಕೇಳಿ."

ಬೆರಳು ಒಂದೂ ಅಲ್ಲಾಡ್ಲಿಲ್ಲ. ಕಾಲೆರಡೂ ಸರ್ರನೆ ಕಿಂಡಿಯಿಂದ ಆಚೆ ಹೋದ್ವು.

ನಿಂಗಾಜಮ್ಮನಿಗೆ ಹೇಳ್ದ. ಅವಳು ಕಣ್ಣೊರೆಸ್ಕೊಂಡ್ಲು. ಪೆಟ್ಟಿಗೆಯಿಂದ ಹಳೇ ಸೀರೆ ತೆಗೆದ್ಲು. "ಸೋಮವಾರವೇ ಹೋಗಾನ. ಅವತ್ತೇ ಇಸ್ಕೂಲಿಗೆ ಡಾಕ್ಟ್ರಮ್ಮನೂ ಬತ್ತಾರೆ. ಬೆಳಿಗ್ಗೆ ಹಲ್ಲು ತೋರ್ಸು, ಮಧ್ಯಾಹ್ನ ಹೆಣ್ಣು ಕೇಳಾನ. ಗಂಡಸಾದೋನು ಗಟ್ಟಿಯಾಗಿ ಕೇಳ್ಬೇಕು ಕನ್ಲಾ!"

ಸೋಮವಾರ ಡಾಕ್ಟ್ರಮ್ಮ ಹಲ್ಲು ನೋಡಿ ಹುಬ್ಬು ಗಂಟಿಕ್ಕಿದ್ರು.

"ಇನ್ನೂ ಎರಡು ಹಲ್ಲಿಗೆ ಹಿಡೀತಿದೆಯಲ್ಲ! ಪೇಸ್ಟ್ ಹಾಕ್ತಿದ್ದೀಯಾ?"

"ಕಡ್ಲೆಕಾಳಷ್ಟು! ದಿನಕ್ಕೆ ಎರಡು ಸಲ!"

"ಉಜ್ಜಿದ ಮೇಲೆ?"

"ತೂಬಿನ ಕೆಳಗೆ ಬಾಯಿ ಮಡಗ್ತೀನಿ. ನಾಲೆ ನೀರೆಲ್ಲಾ ಹಾದು ಹೋಯ್ತದೆ. ಬಿಂದಿಗೆ ಬಿಂದಿಗೆ ನೀರು ಹಾಕು ಅಂತ ಗೌಡ್ರು ಅಂದವ್ರೆ!"

"ಅಯ್ಯೋ ದೇವರೇ! ಹಾಕಿದ ಫ್ಲೋರೈಡೆಲ್ಲ ಕಬ್ಬಿನ ಗದ್ದೆಗೆ ಹೋಯ್ತು! ಕೊಪ್ಪರಿಗೆ ಬೇರೆ, ಹಲ್ಲು ಬೇರೆ ಕಣಪ್ಪ! ಬಾ, ಇವತ್ತು ಫ್ಲೋರೈಡ್ ವಾರ್ನಿಶ್ ಹಚ್ತೀನಿ. ಹಲ್ಲಿಗೆ ಅಂಟಿ ಕೂರುತ್ತೆ." ಹಚ್ಚಿದ್ರು. ಬೆರಳೆತ್ತಿ ಹೇಳಿದ್ರು, "ಸಂಜೆವರೆಗೂ ಗಟ್ಟಿಯಾದದ್ದು ಏನೂ ಬಾಯಿಗೆ ತರಬೇಡ. ಎಲ್ಲಾ ಮೆತ್ತಗೆ. ತಿಳೀತಾ?"

"ತಿಳೀತು" ಅಂದ ಹೊಂಬಾಳ. ಮೆತ್ತಗೆ ಅಂದ.

ಮಧ್ಯಾಹ್ನ ಗೌಡನ ಮನೆ ಜಗುಲಿ. ಗೌಡ ಮೀಸೆ ಮೇಲೆ ಕೈಯಿಟ್ಟು ಕೂತಿದ್ದ. ಬಾಗಿಲ ಹಿಂದೆ ದೇವಾಜಿ ನಿಂತಿದ್ಲು. ನಿಂಗಾಜಮ್ಮ ಮಗನ್ನ ತಿವಿದ್ಲು.

"ಕೇಳ್ಲಾ!"

ಹೊಂಬಾಳನ ತುಟಿ ಅಲ್ಲಾಡಿದ್ವು.

"ಏನು?" ಅಂದ ಗೌಡ.

ಮತ್ತೆ ತುಟಿ ಅಲ್ಲಾಡಿದ್ವು.

"ಗಟ್ಟಿಯಾಗಿ ಹೇಳ್ಲಾ!" ನಿಂಗಾಜಮ್ಮ ಇನ್ನೂ ಜೋರಾಗಿ ತಿವಿದ್ಲು.

ಹೊಂಬಾಳ ಎರಡೂ ಕೈಯಿಂದ ಬಾಯಿ ಮುಚ್ಕೊಂಡು ತಲೆ ಅಲ್ಲಾಡಿಸ್ದ. ಕಣ್ಣಲ್ಲಿ ನೀರು ಬಂತು. ಗಟ್ಟಿಯಾದದ್ದು ಬಾಯಿಗೆ ತರೋ ಹಂಗಿಲ್ಲ! ತಂದ್ರೆ ಹಲ್ಲು ಹೋಯ್ತದೆ. ತರದಿದ್ರೆ ದೇವಾಜಿ ಹೋಗ್ತಾಳೆ. ಏನು ಮಾಡ್ಬೇಕು? ಮೂರನೇ ಸಲ ಅಂದ. ಗಾಳಿಗಿಂತ ಮೆತ್ತಗೆ ಅಂದ.

"ಇವನಿಗೆ ಮಾತೂ ಹೋಯ್ತೇನಮ್ಮ?" ಅಂತ ಗೌಡ ಎದ್ದ. "ನಡೀರಿ ನಡೀರಿ."

"ಅಪ್ಪಾ!" ಬಾಗಿಲ ಹಿಂದಿಂದ ದೇವಾಜಿ ಅಂದ್ಲು. "ನಂಗೆ ಕೇಳಿಸ್ತು."

"ಏನು ಕೇಳಿಸ್ತು?"

ಹೊರಗೆ ಬಂದ್ಲು. ಸೆರಗು ಹೆಗಲ ಮೇಲಿತ್ತು. "ಮೊದಲ ಸಲ, 'ದೇವಾಜಿನ ಕೊಡಿ' ಅಂದ್ರು. ಎರಡನೇ ಸಲ, 'ಕೊಪ್ಪರಿಗೇಲಿ ಉಗಿದಿದ್ದು ತಪ್ಪಾಯ್ತು' ಅಂದ್ರು. ಮೂರನೇ ಸಲ..." ಅಂತ ನಿಲ್ಲಿಸಿದ್ಲು.

"ಮೂರನೇ ಸಲ?"

"'ಕೊಡದಿದ್ರೂ ಪರವಾಗಿಲ್ಲ, ಕಾಲು ಮಾತ್ರ ಇಟ್ಕೊಳಿ' ಅಂದ್ರು."

ಅಂದವಳಿಗೆ ತಡೀಲಿಲ್ಲ. ನಕ್ಕೇಬಿಟ್ಲು. ಎಷ್ಟು ವರ್ಷದ ನಗುವೋ! ಹೊಸ ಹಲ್ಲೆರಡೂ ಬೆಳ್ಳಗೆ ಹೊಳೆದ್ವು. ಗೌಡ ಮಗಳ ಬಾಯನ್ನೇ ನೋಡ್ತಾ ಮತ್ತೆ ಕೂತ. ಆಮೇಲೆ ಅಂದ, "ಇವನು ಹೋದ್ಮೇಲೆ ಬೆಲ್ಲವೂ ಹದಕ್ಕೆ ಬತ್ತಿಲ್ಲ, ನನ್ ಮಗಳೂ ಹದಕ್ಕೆ ಬತ್ತಿರ್ಲಿಲ್ಲ. ಆಗ್ಲಿ ಕನಮ್ಮ."

ಮದುವೆ ಆಯ್ತು. ನಿಂಗಾಜಮ್ಮನ ಮನೇಲಿ ದಿನಕ್ಕೆ ನೂರು ಸಲ "ಅತ್ತೆ". ನಾಲೆ ದಡದಲ್ಲಿ ದಿನಕ್ಕೆ ಎರಡು ಸಲ ಇಬ್ರೂ ನಿಂತು ಉಜ್ಜೋರು, ಉಗಿಯೋರು. ಹಿಂಗೇ ಒಂದು ತಿಂಗಳು ಕಳೆದಿತ್ತೋ ಇಲ್ವೋ, ಆಷಾಢ ಬಂತು!

ಆಷಾಢ ಅಂದ್ರೆ ಗೊತ್ತಲ್ಲ? ಹೊಸ ಸೊಸೆ ತೌರಿಗೆ ಹೋಗ್ಬೇಕು. ದೇವಾಜಿಯ ಅವ್ವ ಚಿಕ್ಕಾಜಮ್ಮ ಬಂದು ಮಗಳನ್ನ ಕರ್ಕೊಂಡು ಹೋಗೋವಾಗ ಅಳಿಯನಿಗೆ ಖಡಾಖಂಡಿತ ಹೇಳಿದ್ಲು. "ಆಷಾಢ ಕಳೆಯೋವರೆಗೂ ಅತ್ತೆ ಮನೆ ಹೊಸಿಲು ದಾಟೋ ಹಂಗಿಲ್ಲ ಕನಪ್ಪ!"

"ಆಗ್ಲಿ ಅತ್ತೆ."

ಮನೆ ಬಣಗುಟ್ಟಿತು. ನಿಂಗಾಜಮ್ಮ ಎಲೆ ಕುಟ್ತಾ ಕುಟ್ತಾ ಬಾಗಿಲ ಕಡೆ ನೋಡೋಳು. ಹೊಂಬಾಳ ನಾಲೆ ಕಡೆ ನೋಡೋನು. ಸಂಜೆ ಆಗೋದ್ರೊಳಗೆ ತಡೀಲಾರದೆ ಬ್ರಷ್ಷು, ಪೇಸ್ಟು ಜೇಬಿಗಿಟ್ಕೊಂಡು, ಸೋನೆ ಮಳೇಲಿ ನಾಲೆ ದಾಟಿ, ಗೌಡನ ಮನೆ ಸುತ್ತ ಬಂದು ಕಿಟಕಿ ಮುಂದೆ ನಿಂತ.

"ಡಾಕ್ಟ್ರಮ್ಮ ಒಂದಿನವೂ ತಪ್ಪಿಸ್ಬ್ಯಾಡಿ ಅಂದವ್ರೆ" ಅಂದ.

ದೇವಾಜಿ ಬ್ರಷ್ಷು ತಂದ್ಲು. ಇವನು ಸರಳಿನ ಸಂದಿಯಿಂದ ಕಡ್ಲೆಕಾಳಷ್ಟು ಪೇಸ್ಟು ಹಾಕಿದ. ಅವಳು ಒಳಗೆ, ಇವನು ಹೊರಗೆ. ಒಬ್ಬರ ಮುಖ ಒಬ್ಬರು ನೋಡ್ತಾ ಉಜ್ಜಿದ್ರು. ಬೇಗ ಮುಗೀಬಾರ್ದು ಅಂತ ನಿಧಾನಕ್ಕೆ ಉಜ್ಜಿದ್ರು. ಒಂದೇ ಹಲ್ಲು ಹತ್ತು ಸಲ ಉಜ್ಜಿದ್ರು.

ಚಿಕ್ಕಾಜಮ್ಮ ಕೂಗಿದ್ಲು, "ಯಾಕಪ್ಪಾ ಬಂದೆ!"

"ಹೊಸಿಲು ದಾಟಿಲ್ಲ ಅತ್ತೆ!"

ವಾಪಸ್ ಬಂದ್ರೆ ನಿಂಗಾಜಮ್ಮ ಬಾಗಿಲಲ್ಲೇ ಕಾಯ್ತಿದ್ಲು. "ನನ್ ಸೊಸೆ ಏನಂದ್ಲು?"

"ಬಾಯಿ ತುಂಬ ನೊರೆ ಇತ್ತು ಅವ್ವಾ. ಏನೂ ಅನ್ಲಿಲ್ಲ."

"ಮುಖ ಹೆಂಗಿತ್ತು?"

"ಬತ್ತೀನಿ ಅನ್ನೋ ಹಂಗಿತ್ತು."

ದಿನಾ ಇದೇ ಕೇಳೋಳು, ದಿನಾ ಇದೇ ಹೇಳೋನು. ಪೇಸ್ಟಿನ ಕೊಳವೆ ಒಂದು ಮುಗೀತು, ಎರಡನೇದು ಅರ್ಧವಾಯ್ತು, ಆಷಾಢ ಮಾತ್ರ ಮುಗಿಯೋ ಹಂಗೇ ಕಾಣ್ಲಿಲ್ಲ.

ಕೊನೆಗೂ ಶ್ರಾವಣ ಬಂತು. ಹೊಂಬಾಳ ಹೊಸ ಪಂಚೆ ಉಟ್ಟು ಬೆಳಿಗ್ಗೇನೇ ಬಂದು ಗೌಡನ ಮನೆ ಬಾಗಿಲಲ್ಲಿ ನಿಂತ. ಚಿಕ್ಕಾಜಮ್ಮ ಆರತಿ ತಟ್ಟೆ ಹಿಡಿದು ನಗ್ತಾ ಅಂದ್ಲು, "ಕಾಯಿಸಿದ್ದು ಸಾಕು. ಹೊಸಿಲು ದಾಟಪ್ಪಾ, ದಾಟು!"

ಮೂವತ್ತು ದಿನ ಕಾದ ಮಾತು! ದಾಟಿದ. ತಲೆಬಾಗಿಲ ಹೊಸಿಲು ದಾಟಿದ. ಮುಂದೆ ನಡುಮನೆ ಹೊಸಿಲು, ಅದನ್ನೂ ದಾಟಿದ. ಅಡುಗೆಮನೆ ಹೊಸಿಲು, ಅದನ್ನೂ ದಾಟಿದ. ಒಲೆ ಮುಂದೆ ದೇವಾಜಿ ತಲೆ ತುಂಬ ಹೂವು ಮುಡಿದು ನಿಂತಿದ್ಲು. ಅವಳ ಪಕ್ಕದಲ್ಲೇ ಹಾದು ಹೋದ!

"ಎಲ್ಲಿಗೆ?" ಅಂದ್ಲು.

"ಇರು, ಬತ್ತೀನಿ. ಅತ್ತೆ ದಾಟು ಅಂದವ್ರೆ!"

ಹಿತ್ತಲ ಹೊಸಿಲೂ ದಾಟಿದ. ನಿಲ್ಲು ಅಂತ ಯಾರೂ ಅನ್ಲಿಲ್ಲ. ಪಕ್ಕದ ಮನೆ ಹಿತ್ತಲು, ಅಲ್ಲೊಂದು ಹೊಸಿಲು, ದಾಟಿದ. ಅವರ ಅಡುಗೆಮನೆ, ದಾಟಿದ. ಉಣ್ತಾ ಕೂತೋರ ಎಲೆ ದಾಟಿದ. ಅವರ ತಲೆಬಾಗಿಲು ದಾಟಿ ಎದುರು ಮನೆಗೆ ಹೊಕ್ಕ. ಆ ಬೀದೀಲಿ ಹದಿನಾಲ್ಕು ಮನೆ!

"ಹಿಡೀರಿ! ಅಳಿಯನ್ನ ಹಿಡೀರಿ!" ಅಂತ ಗೌಡ ಕೂಗ್ತಾ ಓಡ್ದ. ದೇವಾಜಿ ಸೀರೆ ಎತ್ತಿ ಕಟ್ಟಿ ಅಪ್ಪನ್ನೂ ದಾಟಿ ಓಡಿದ್ಲು. ಹದಿನಾಲ್ಕನೇ ಮನೆ ಹಿತ್ತಲಲ್ಲಿ ಅವನ ರಟ್ಟೆ ಸಿಕ್ತು. ಏದುಸಿರು ಬಿಡ್ತಾ ಅಂದ್ಲು, "ಸಾಕು! ನಿಂತ್ಕೊಳಿ!"

ನಿಂತ.

ಇನ್ನೂ ನಿಂತೇ ಅವ್ನೆ. 'ಬನ್ನಿ' ಅಂತ ಅವಳು ಅನ್ಬೇಕು, ಅನ್ನೋಕೆ ನಗು ಬಿಡ್ತಾ ಇಲ್ಲ.